ಹಳೆಯ ವಿಡಿಯೋ ಗೇಮನ್ನು ಕಂಪನಿಗಳೇ ಮತ್ತೆ ಓಡಿಸುವ ಬಗೆ

ಸೂಪರ್ ಮಾರಿಯೋ ಬ್ರದರ್ಸ್ ಆಡಿದವರಿಗೆ ಪರದೆಯ ಮೇಲ್ಗಡೆ ಮಿನುಗುವ ಪುಟ್ಟ ನಾಣ್ಯ ನೆನಪಿರುತ್ತದೆ. ಎಡಗಡೆ ಅಂಕ, ಅದರ ಪಕ್ಕದಲ್ಲಿ ಈ ನಾಣ್ಯ, ಆಮೇಲೆ ಎಷ್ಟನೇ ಹಂತ, ಇನ್ನೆಷ್ಟು ಸಮಯ ಎಂಬ ಲೆಕ್ಕ. ಮಾರಿಯೋ ಬಲಕ್ಕೆ ಓಡಿದಂತೆ ಇಟ್ಟಿಗೆ, ಕೊಳವೆ, ಮೋಡ ಎಲ್ಲವೂ ಎಡಕ್ಕೆ ಸರಿಯುತ್ತವೆ. ಮೇಲಿನ ಈ ಪಟ್ಟಿ ಮಾತ್ರ ಅಲುಗಾಡುವುದಿಲ್ಲ. ಆಡುವವರಿಗೆ ಇದರಲ್ಲಿ ಏನೂ ವಿಶೇಷ ಕಾಣದು. ಆದರೆ ಈ ಆಟ ಓಡುತ್ತಿದ್ದ, 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೋದ ಫ್ಯಾಮಿಕಾಮ್ ಯಂತ್ರಕ್ಕೆ ಪರದೆಯ ಅರ್ಧ ನಿಲ್ಲಿಸಿ ಅರ್ಧ ಸರಿಸುವುದು ತಾನಾಗಿ ಬರುತ್ತಿರಲಿಲ್ಲ. ಸರಿಸಿದರೆ ಇಡೀ ಹಿನ್ನೆಲೆಯೇ ಸರಿಯಬೇಕು.

ಆಟ ಬರೆದವರು ಆ ನಾಣ್ಯದಲ್ಲೇ ದಾರಿ ಕಂಡುಕೊಂಡರು. ಫ್ಯಾಮಿಕಾಮ್‌ನಲ್ಲಿ ಚಿತ್ರ ಬಿಡಿಸುವ ಚಿಪ್ ಬೇರೆ, ಲೆಕ್ಕ ಮಾಡುವ ಪ್ರೊಸೆಸರ್ ಬೇರೆ. ಹಿನ್ನೆಲೆಯ ಮೇಲೆ ಓಡಾಡುವ ಚಿತ್ರಗಳಿಗೆ ಸ್ಪ್ರೈಟ್ ಎನ್ನುತ್ತಾರೆ. ಸೊನ್ನೆ ಸಂಖ್ಯೆಯ ಸ್ಪ್ರೈಟ್ ಹಿನ್ನೆಲೆಯ ಚಿತ್ರವನ್ನು ಮುಟ್ಟುವ ಚುಕ್ಕಿಯನ್ನು ಬಿಡಿಸಿದ ಕ್ಷಣದಲ್ಲಿ ಚಿತ್ರದ ಚಿಪ್ ಒಂದು ಗುರುತು ತೋರಿಸುತ್ತದೆ. ಆ ಸ್ಪ್ರೈಟನ್ನು ನಾಣ್ಯದ ಅಡಿಯಂಚಿಗೆ ಕೂರಿಸಿಬಿಟ್ಟರು. ಟೀವಿಯಲ್ಲಿ ಚಿತ್ರ ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಮೂಡುತ್ತದಷ್ಟೆ? ನಾಣ್ಯದ ಅಡಿ ಮೂಡುವ ತನಕ ಪ್ರೊಸೆಸರ್ ಆ ಗುರುತಿಗಾಗಿ ಕಣ್ಣಿಟ್ಟು ಕಾಯುತ್ತದೆ. ಕಂಡ ಕೂಡಲೇ ‘ಇಲ್ಲಿಂದ ಕೆಳಗಿನದನ್ನು ಸರಿಸು’ ಎನ್ನುತ್ತದೆ. ಸೆಕೆಂಡಿಗೆ ಸುಮಾರು 60 ಸಲ ಇದು ನಡೆಯಬೇಕು. ಗುರುತು ಬರದಿದ್ದರೆ ಪ್ರೊಸೆಸರ್ ಕಾಯುತ್ತಲೇ ಇರುತ್ತದೆ, ಆಟ ಅಲ್ಲೇ ನಿಂತುಹೋಗುತ್ತದೆ.

ನಿಂಟೆಂಡೋ ಕಂಪನಿ ಇದೇ ಆಟವನ್ನು ಈಗ ತನ್ನ ಸ್ವಿಚ್ ಯಂತ್ರದಲ್ಲಿ ಚಂದಾದಾರರಿಗೆ ಕೊಡುತ್ತಿದೆ. ಸ್ವಿಚ್‌ನೊಳಗೆ ಆ ಹಳೆಯ ಪ್ರೊಸೆಸರೂ ಇಲ್ಲ, ಆ ಚಿತ್ರದ ಚಿಪ್ಪೂ ಇಲ್ಲ. ಆದರೂ ನಾಣ್ಯ ತನ್ನ ಜಾಗದಲ್ಲಿದೆ, ಪಟ್ಟಿ ಅಲುಗಾಡುವುದಿಲ್ಲ. ಇದನ್ನು ಸಾಧ್ಯವಾಗಿಸುವ ತಂತ್ರಾಂಶದ ಹೆಸರು ಎಮ್ಯುಲೇಟರ್.

ನಮ್ಮಲ್ಲಿ ಈ ಪದ ಕೇಳಿದರೆ ಅನೇಕರಿಗೆ ನೆನಪಾಗುವುದು ಸೈಬರ್ ಕೆಫೆಯ ಕಂಪ್ಯೂಟರು, ಎಲ್ಲಿಂದಲೋ ಇಳಿಸಿಕೊಂಡ ನೂರಾರು ಆಟಗಳ ಫೈಲು. ಹಾಗಾಗಿ ಎಮ್ಯುಲೇಟರ್ ಎಂದರೆ ಕದ್ದು ಆಡುವ ಸಾಧನ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಕಂಪನಿಗಳೂ ಅದನ್ನು ಬೆಳೆಸಿದವು. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಈ ಕಂಪನಿಗಳು ತಮ್ಮ ಹಳೆಯ ಆಟಗಳನ್ನು ಮತ್ತೆ ಮಾರಿದ್ದು ಬಹುಪಾಲು ಎಮ್ಯುಲೇಟರ್‌ಗಳ ಮೂಲಕವೇ. ಈ ಕಸುಬು ಏನು, ಅದನ್ನು ಯಾರು ಕಟ್ಟಿದರು, ಯಾರು ಬಳಸುತ್ತಿದ್ದಾರೆ ಎಂಬುದು ಸರಿಯಾಗಿ ಗೊತ್ತಾಗಬೇಕು ಎಂಬುದು ನನ್ನ ಆಸೆ.

ಮೊದಲು ಅದು ಮಾಡುವ ಕೆಲಸ ನೋಡೋಣ. ಆಟದ ಕ್ಯಾಸೆಟ್ಟಿನೊಳಗೆ ಇರುವುದು ಬರೀ ಸಂಖ್ಯೆಗಳು. ಫ್ಯಾಮಿಕಾಮ್‌ನ ಪ್ರೊಸೆಸರ್ 6502 ಎಂಬ ಪ್ರಸಿದ್ಧ ಚಿಪ್ಪಿನ ವಂಶದ್ದು. ಅದಕ್ಕೆ ‘ಎ9, 05’ ಎಂಬ ಎರಡು ಸಂಖ್ಯೆ ಕಂಡರೆ ‘5 ಎಂಬ ಅಂಕಿಯನ್ನು ಕೈಯಲ್ಲಿ ಹಿಡಿದುಕೋ’ ಎಂದರ್ಥ. ಇಂದಿನ ಫೋನಿನ ಪ್ರೊಸೆಸರ್‌ಗೆ ಈ ಭಾಷೆ ಬಾರದು. ಎಮ್ಯುಲೇಟರ್ ನಡುವೆ ದುಭಾಷಿಯಂತೆ ಕೂತು ಒಂದೊಂದೇ ಆಜ್ಞೆಯನ್ನು ಓದಿ, ಹಳೆಯ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ತಾನು ಮಾಡಿ ಮುಂದಿನದಕ್ಕೆ ಹೋಗುತ್ತದೆ. ಹಳೆಯ ಯಂತ್ರದ ಮೆಮೊರಿಯನ್ನೂ ಅದೇ ಇಟ್ಟುಕೊಳ್ಳುತ್ತದೆ. ಫ್ಯಾಮಿಕಾಮ್‌ನಲ್ಲಿ ಪ್ರೊಸೆಸರ್‌ಗೆ ಇದ್ದ ಮೆಮೊರಿ 2 ಕಿಲೋಬೈಟ್. ಯೂನಿಕೋಡ್‌ನಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕು. ಅಂದರೆ ಅಷ್ಟರಲ್ಲಿ 700 ಕನ್ನಡ ಚಿಹ್ನೆಗಳೂ ಹಿಡಿಸವು. ಅಷ್ಟು ಇಕ್ಕಟ್ಟಿನಲ್ಲಿ ಮಾರಿಯೋನ ಲೋಕ ನಿಂತಿತ್ತು ಎಂದು ನೆನೆದಾಗಲೆಲ್ಲ ಆ ಪ್ರೋಗ್ರಾಮರುಗಳ ಮೇಲೆ ಗೌರವ ಹೆಚ್ಚುತ್ತದೆ.

ಆಜ್ಞೆಗಳ ಅನುವಾದ ಸುಲಭದ ಭಾಗ. ಕಷ್ಟವಿರುವುದು ಕಾಲದ ಲೆಕ್ಕದಲ್ಲಿ. ಫ್ಯಾಮಿಕಾಮ್‌ನ ಪ್ರೊಸೆಸರ್ ಸೆಕೆಂಡಿಗೆ ಸುಮಾರು 17.9 ಲಕ್ಷ ಸಲ ಮಿಡಿಯುತ್ತದೆ. ಅದರ ಒಂದೊಂದು ಮಿಡಿತಕ್ಕೆ ಚಿತ್ರದ ಚಿಪ್ 3 ಚುಕ್ಕಿ ಮುಂದೆ ಹೋಗಿರುತ್ತದೆ. ಧ್ವನಿಯ ಭಾಗ ತನ್ನದೇ ಲಯದಲ್ಲಿರುತ್ತದೆ. ಯಕ್ಷಗಾನದಲ್ಲಿ ಭಾಗವತರು, ಮದ್ದಳೆ, ಚೆಂಡೆ ಎಲ್ಲರೂ ಏಕಕಾಲಕ್ಕೆ ನುಡಿಸುತ್ತ ಒಂದೇ ತಾಳಕ್ಕೆ ಬಂದು ಸೇರುತ್ತಾರೆ. ಎಮ್ಯುಲೇಟರ್ ಹಾಗಲ್ಲ; ಅಲ್ಲಿ ಒಬ್ಬನೇ ಕೂತು ಒಂದು ಪೆಟ್ಟು ಮದ್ದಳೆಗೆ ಹಾಕಿ, ಎದ್ದು ಚೆಂಡೆಗೊಂದು ಪೆಟ್ಟು ಹಾಕಿ, ಮತ್ತೆ ಬಂದು ಒಂದಕ್ಷರ ಹಾಡಬೇಕು. ಕೇಳುವವರಿಗೆ ಮೂವರೂ ಒಟ್ಟಿಗೆ ಇದ್ದಾರೆ ಅನ್ನಿಸುವಷ್ಟು ಬೇಗ ಓಡಾಡಬೇಕು. ಎಷ್ಟು ಸಣ್ಣ ಅಂತರಕ್ಕೊಮ್ಮೆ ಎದ್ದು ಓಡುತ್ತಾನೋ ಅಷ್ಟು ನಿಖರತೆ, ಅಷ್ಟೇ ಸುಸ್ತು.

ಈ ಸುಸ್ತಿನ ಅಳತೆಯನ್ನು 2011ರಲ್ಲಿ ಬಿಎಸ್‌ನೆಸ್ ಎಂಬ ಎಮ್ಯುಲೇಟರ್ ಬರೆದ ಹವ್ಯಾಸಿ ಪ್ರೋಗ್ರಾಮರ್ ಜಗತ್ತಿಗೆ ವಿವರಿಸಿದರು. ಫ್ಯಾಮಿಕಾಮ್‌ನ ಮುಂದಿನ ಪೀಳಿಗೆಯಾದ ಸೂಪರ್ ಫ್ಯಾಮಿಕಾಮ್‌ನ ಪ್ರೊಸೆಸರ್ ಹೆಚ್ಚೆಂದರೆ 3.58 ಮೆಗಾಹರ್ಟ್ಸ್ ವೇಗದ್ದು. ಅದನ್ನು ಚಾಚೂ ತಪ್ಪದೆ ಅನುಕರಿಸಲು ಸುಮಾರು 3 ಗಿಗಾಹರ್ಟ್ಸ್ ಕಂಪ್ಯೂಟರ್ ಬೇಕು ಎಂದರು. ಎಂಟುನೂರು ಪಟ್ಟಿಗೂ ಹೆಚ್ಚು. ಅಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಅವರು ಕೊಟ್ಟ ಉದಾಹರಣೆಗಳಲ್ಲಿ ಸ್ಪೀಡಿ ಗೊನ್ಸಾಲೆಸ್ ಆಟ ಒಂದು. ಅದರ 6–1ನೇ ಹಂತದಲ್ಲಿ ಒಂದು ಗುಂಡಿ ಮುಟ್ಟಿದರೆ ಹಲವು ಎಮ್ಯುಲೇಟರ್‌ಗಳಲ್ಲಿ ಆಟ ಸ್ತಬ್ಧವಾಗುತ್ತಿತ್ತು. ಆ ಆಟದ ಕೋಡ್‌ನಲ್ಲೊಂದು ತಪ್ಪಿದೆ: ಯಂತ್ರದಲ್ಲಿ ಇಲ್ಲವೇ ಇಲ್ಲದ ಮೆಮೊರಿ ವಿಳಾಸವೊಂದನ್ನು ಅದು ಓದುತ್ತ ಕೂರುತ್ತದೆ. ನಿಜವಾದ ಯಂತ್ರದಲ್ಲಿ ಆ ಖಾಲಿ ತಂತಿಯ ಮೇಲೆ ಕೊನೆಯದಾಗಿ ಹರಿದ ಸಂಖ್ಯೆಯೇ ಉಳಿದಿರುತ್ತಿತ್ತು. ಅದು ಬದಲಾಗುತ್ತ ಬದಲಾಗುತ್ತ ಒಂದು ಗಳಿಗೆಯಲ್ಲಿ ಆಟ ಪಾರಾಗುತ್ತಿತ್ತು. ಬರೆದವರ ಕೈತಪ್ಪನ್ನೂ ಯಂತ್ರದ ಆಕಸ್ಮಿಕವನ್ನೂ ಒಟ್ಟಿಗೆ ಕಾಪಾಡದಿದ್ದರೆ ಆ ಆಟ ಮುಗಿಯುವುದಿಲ್ಲ. ಪಾಠಾಂತರಗಳನ್ನು ಹೋಲಿಸಿ ಹಳಗನ್ನಡ ಕಾವ್ಯ ಸಂಪಾದಿಸುವವರ ತಾಳ್ಮೆ ಇದಕ್ಕೆ ಬೇಕು.

ಇಷ್ಟು ಕಷ್ಟಪಡುವ ಬದಲು ಕಂಪನಿಗಳು ತಮ್ಮ ಆಟಕ್ಕೆ ಪ್ರೋಗ್ರಾಮರುಗಳು ಬರೆದಿಟ್ಟ ಮೂಲ ಕೋಡ್ ತೆಗೆದು ಹೊಸ ಯಂತ್ರಕ್ಕೆ ಹೊಂದಿಸಿ ಬರೆಯಬಾರದೇ? ಬರೆಯಬಹುದು, ಆ ಕೋಡ್ ಇದ್ದರೆ. ಬಹಳ ಸಲ ಅದು ಇರುವುದಿಲ್ಲ. ಕೊನಾಮಿ ಕಂಪನಿ ಸೈಲೆಂಟ್ ಹಿಲ್ ಸರಣಿಯ ಎರಡು ಆಟಗಳನ್ನು 2012ರಲ್ಲಿ ಎಚ್‌ಡಿ ರೂಪದಲ್ಲಿ ತಂದಾಗ ಆದದ್ದು ಇದೇ. ಕೆಲಸ ವಹಿಸಿಕೊಂಡ ತಂಡಕ್ಕೆ ಸಿಕ್ಕಿದ್ದು ಬಿಡುಗಡೆಯಾದ ಅಂತಿಮ ಕೋಡ್ ಆಗಿರಲಿಲ್ಲ. ಅದಕ್ಕೂ ಹಿಂದಿನ, ದೋಷಗಳು ಇನ್ನೂ ಉಳಿದಿದ್ದ ಪ್ರತಿ. ಮೂಲ ತಂಡ ಎಂದೋ ಸರಿಪಡಿಸಿದ್ದನ್ನು ಇವರು ಮತ್ತೆ ಸರಿಪಡಿಸಬೇಕಾಯಿತು. ಊರನ್ನೇ ಮುಸುಕಿ ಹೆದರಿಸುತ್ತಿದ್ದ ಮಂಜು ಹೊಸ ಆವೃತ್ತಿಯಲ್ಲಿ ತೆಳುವಾಗಿ, ಕಾಣಬಾರದ ಅಂಚುಗಳು ಕಂಡವು. ಎಮ್ಯುಲೇಟರ್‌ಗೆ ಆ ಮೂಲ ಕೋಡ್ ಬೇಕಾಗಿಲ್ಲ. ಅಂಗಡಿಯಲ್ಲಿ ಮಾರಾಟವಾದ ಡಿಸ್ಕ್ ಅಥವಾ ಕ್ಯಾಸೆಟ್ಟಿನಲ್ಲಿ ಇರುವುದೇ ಸಾಕು. ಅಂತಿಮವಾಗಿ ಜನರ ಕೈಗೆ ಹೋದದ್ದು ಅದೇ ತಾನೆ?

ಕಂಪನಿಗಳಲ್ಲಿ ಇದನ್ನು ಮೊದಮೊದಲು ಹಿಡಿದವರಲ್ಲಿ ಅಮೆರಿಕದ ಡಿಜಿಟಲ್ ಎಕ್ಲಿಪ್ಸ್ ಒಂದು. 1990ರ ದಶಕದ ನಡುವಿನಲ್ಲೇ ಅದು ವಿಲಿಯಮ್ಸ್ ಕಂಪನಿಯ ಡಿಫೆಂಡರ್, ಜೌಸ್ಟ್, ರೋಬೋಟ್ರಾನ್ ಎಂಬ ಆರ್ಕೇಡ್ ಆಟಗಳನ್ನು (ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳ ಆಟಗಳನ್ನು) ಎಮ್ಯುಲೇಶನ್ ಮೂಲಕ ಮನೆಯ ಕಂಪ್ಯೂಟರ್‌ಗೆ ತಂದಿತು. ನಿಂಟೆಂಡೋ 2002ರ ಹೊತ್ತಿಗೆ ತನ್ನ ಗೇಮ್‌ಕ್ಯೂಬ್ ಯಂತ್ರದ ಅನಿಮಲ್ ಕ್ರಾಸಿಂಗ್ ಆಟದೊಳಗೇ ಎಮ್ಯುಲೇಟರ್ ಇಟ್ಟಿತ್ತು. ಆಟದ ಪಾತ್ರದ ಮನೆಯಲ್ಲಿ ಪೀಠೋಪಕರಣದಂತೆ ಹಳೆಯ ಕನ್ಸೋಲ್ (ಟೀವಿಗೆ ಜೋಡಿಸಿ ಆಡುವ ಯಂತ್ರ) ಇರುತ್ತದೆ, ಅದನ್ನು ಚಾಲೂ ಮಾಡಿದರೆ ಹಳೆಯ ಆಟ ಶುರುವಾಗುತ್ತದೆ. 2006ರಲ್ಲಿ ಬಂದ ವೀ ಯಂತ್ರದಲ್ಲಿ ವರ್ಚುವಲ್ ಕನ್ಸೋಲ್ ಎಂಬ ಅಂಗಡಿಯನ್ನೇ ತೆರೆದು ಹಳೆಯ ಆಟಗಳನ್ನು ಒಂದೊಂದಾಗಿ ಮಾರತೊಡಗಿತು.

ಆ ಅಂಗಡಿಯಲ್ಲಿ ಮಾರಿದ ಸೂಪರ್ ಮಾರಿಯೋದ ಫೈಲನ್ನು ವಿಡಿಯೋ ಗೇಮ್ ಇತಿಹಾಸಕಾರ ಫ್ರಾಂಕ್ ಸಿಫಾಲ್ಡಿ ಬಿಚ್ಚಿ ನೋಡಿದ್ದರು. 2016ರಲ್ಲಿ ಗೇಮ್ ಡೆವಲಪರ್‌ಗಳ ಸಮ್ಮೇಳನದಲ್ಲಿ ಮಾತಾಡುತ್ತ ಅವರು ಅದರೊಳಗಿನ 16 ಬೈಟ್‌ಗಳನ್ನು ತೋರಿಸಿದರು. ‘ಎನ್‌ಇಎಸ್’ (ಜಪಾನಿನ ಹೊರಗೆ ಫ್ಯಾಮಿಕಾಮ್‌ಗೆ ಇದ್ದ ಹೆಸರು) ಎಂಬ ಮೂರಕ್ಷರದಿಂದ ಶುರುವಾಗುವ ಈ ತಲೆಬರಹ ಯಾವ ಅಸಲಿ ಕ್ಯಾಸೆಟ್ಟಿನಲ್ಲೂ ಇಲ್ಲ. ಅದು ಮರಾತ್ ಫೈಜುಲ್ಲಿನ್ ಎಂಬ ಪ್ರೋಗ್ರಾಮರ್ 1990ರ ದಶಕದಲ್ಲಿ ತಮ್ಮ ಐನೆಸ್ ಎಮ್ಯುಲೇಟರ್‌ಗಾಗಿ ರೂಪಿಸಿದ ಗುರುತು. ಕ್ಯಾಸೆಟ್ಟಿನಲ್ಲಿ ಯಾವ ಚಿಪ್‌ಗಳಿದ್ದವು, ಕೋಡ್ ಎಷ್ಟು, ಚಿತ್ರ ಎಷ್ಟು ಎಂದು ಎಮ್ಯುಲೇಟರ್‌ಗೆ ತಿಳಿಸುವ ಚೀಟಿ. ಹವ್ಯಾಸಿಗಳು ಹಂಚಿಕೊಳ್ಳುತ್ತಿದ್ದ ಫೈಲ್‌ಗಳು ಹೆಚ್ಚಾಗಿ ಇದೇ ರೂಪದವು.

ಹಾಗಾದರೆ ನಿಂಟೆಂಡೋ ತನ್ನದೇ ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿ ಮಾರಿತೇ? ಈ ಮಾತು ಬೇಗ ಹಬ್ಬಿತು, ಈಗಲೂ ಹಬ್ಬುತ್ತಲೇ ಇದೆ. ಆದರೆ ಆ ತಲೆಬರಹ ಅಷ್ಟನ್ನು ಸಾಬೀತುಮಾಡುವುದಿಲ್ಲ. ಐನೆಸ್‌ಗೆ ಹಿಂದೆ ನೆರವಾಗಿದ್ದ ಜಪಾನಿನ ಪ್ರೋಗ್ರಾಮರ್ ಒಬ್ಬರು ಆಮೇಲೆ ನಿಂಟೆಂಡೋ ಸೇರಿ ಅಲ್ಲಿನ ಎಮ್ಯುಲೇಟರ್‌ಗಳ ಕೆಲಸ ಮಾಡಿದ್ದರು. ತಮ್ಮ ಕೈಗೆ ಒಗ್ಗಿದ ಫೈಲ್ ರೂಪವನ್ನೇ ಅವರು ಅಲ್ಲೂ ಬಳಸಿರುವ ಸಾಧ್ಯತೆ ಹೆಚ್ಚು. ನನಗೆ ಕಳ್ಳತನದ ಕಥೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಹವ್ಯಾಸಿಗಳು ಸಂಬಳವಿಲ್ಲದೆ, ಕೈಪಿಡಿಯಿಲ್ಲದೆ ಕಟ್ಟಿದ ವಿದ್ಯೆ ಕಂಪನಿಯ ಬಾಗಿಲು ದಾಟಿ ಒಳಗೆ ಹೋಗಿ ಅಲ್ಲಿನ ದಿನನಿತ್ಯದ ಕಸುಬಾಯಿತು.

ಇದೇ ಹೊತ್ತಿನಲ್ಲಿ ನಿಂಟೆಂಡೋ ತನ್ನ ವೆಬ್‌ಸೈಟಿನ ಕಾನೂನು ಪುಟದಲ್ಲಿ ಎಮ್ಯುಲೇಟರ್‌ಗಳನ್ನು ಆಟ ತಯಾರಕರ ಹಕ್ಕುಗಳಿಗೆ ಈವರೆಗಿನ ಅತಿ ದೊಡ್ಡ ಬೆದರಿಕೆ ಎಂದು ವರ್ಣಿಸಿತ್ತು. ಆ ಭಾಷೆ ತಪ್ಪು ಎಂದೇ ನನ್ನ ಅಭಿಪ್ರಾಯ. ಆಟದ ಫೈಲನ್ನು ಅನುಮತಿಯಿಲ್ಲದೆ ಹಂಚುವುದು ಒಂದು ವಿಷಯ. ಅದು ಕೃತಿಸ್ವಾಮ್ಯದ ಉಲ್ಲಂಘನೆ. ಯಂತ್ರದ ನಡವಳಿಕೆಯನ್ನು ಅರಿತು ಅದರಂತೆ ನಡೆಯುವ ತಂತ್ರಾಂಶ ಬರೆಯುವುದು ಬೇರೆಯದೇ ವಿಷಯ. ಈ ಎರಡನ್ನು ಅಮೆರಿಕದ ನ್ಯಾಯಾಲಯ ಬಿಡಿಸಿ ನೋಡಿದ್ದು ಸೋನಿ ಹೂಡಿದ ಮೊಕದ್ದಮೆಯಲ್ಲಿ. ಕನೆಕ್ಟಿಕ್ಸ್ ಎಂಬ ಕಂಪನಿ 1999ರಲ್ಲಿ ಮ್ಯಾಕ್ ಕಂಪ್ಯೂಟರಿನಲ್ಲಿ ಸೋನಿಯ ಪ್ಲೇಸ್ಟೇಷನ್ ಯಂತ್ರದ ಆಟಗಳನ್ನು ಓಡಿಸುವ ವರ್ಚುವಲ್ ಗೇಮ್ ಸ್ಟೇಷನ್ ತಂದಿತು. ಸೋನಿ ಕೋರ್ಟಿಗೆ ಹೋಯಿತು. 2000ನೇ ಇಸವಿಯಲ್ಲಿ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ನಿಂತಿತು: ಎಮ್ಯುಲೇಟರ್ ಬರೆಯುವ ದಾರಿಯಲ್ಲಿ ಸೋನಿಯ ತಂತ್ರಾಂಶವನ್ನು ನಕಲುಮಾಡಿ ಅಧ್ಯಯನ ಮಾಡಿದ್ದು ನ್ಯಾಯಯುತ ಬಳಕೆ ಎಂದಿತು. ಮರುವರ್ಷ ಸೋನಿ ಆ ಉತ್ಪನ್ನವನ್ನೇ ಕೊಂಡು ಮಾರಾಟ ನಿಲ್ಲಿಸಿತು.

ಅದೇ ಸೋನಿ 2018ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಕ್ಲಾಸಿಕ್ ಎಂಬ ಅಂಗೈಯಗಲದ ಪೆಟ್ಟಿಗೆ ತಂದಿತು. 20 ಆಟ, ಸುಮಾರು 100 ಡಾಲರ್. ಒಳಗಿದ್ದದ್ದು ಪಿಸಿಎಸ್‌ಎಕ್ಸ್ ರೀಆರ್ಮ್ಡ್, ಹವ್ಯಾಸಿಗಳು ಬರೆದ ಮುಕ್ತ ತಂತ್ರಾಂಶ. ಲೈಸೆನ್ಸ್ ಪುಟದಲ್ಲಿ ಅದರ ಹೆಸರೂ ಇತ್ತು. ಇದರಲ್ಲಿ ತಪ್ಪೇನಿಲ್ಲ, ಮುಕ್ತ ತಂತ್ರಾಂಶ ಇರುವುದೇ ಎಲ್ಲರ ಬಳಕೆಗೆ, ನಿಯಮ ಪಾಲಿಸಿದರೆ ಸಾಕು. ತಪ್ಪಾದದ್ದು ಬೇರೆ ಕಡೆ. 20ರಲ್ಲಿ 9 ಆಟಗಳು ಯುರೋಪಿನ ಪಾಲ್ ಎಂಬ ಟೀವಿ ಪದ್ಧತಿಯ ಆವೃತ್ತಿಯವಾಗಿದ್ದವು. ಅಂದರೆ ಸೆಕೆಂಡಿಗೆ 60ರ ಬದಲು 50 ಚಿತ್ರಕ್ಕೆ ಹೊಂದಿಸಿದವು. ಟೆಕೆನ್ 3ರಂಥ, ಕಣ್ಣುಮಿಟುಕುವಷ್ಟರಲ್ಲಿ ಏಟು ತಪ್ಪಿಸಬೇಕಾದ ಹೊಡೆದಾಟದ ಆಟವೂ ಅವುಗಳಲ್ಲಿ ಸೇರಿತ್ತು. 50 ಚಿತ್ರಗಳನ್ನು 60ರ ಪರದೆಯಲ್ಲಿ ತೋರಿಸಿದಾಗ ಚಲನೆ ತಡವರಿಸುತ್ತದೆ. ಎಮ್ಯುಲೇಟರ್ ಒಳ್ಳೆಯದಿದ್ದರೂ ಅದಕ್ಕೆ ಕೊಡುವ ಆವೃತ್ತಿಯನ್ನು ಆರಿಸುವಾಗ ಕಾಳಜಿ ಬೇಕು. ಪೆಟ್ಟಿಗೆಯ ಬೆಲೆ ಕೆಲವೇ ವಾರಗಳಲ್ಲಿ ಇಳಿಯಿತು.

ಈ 50 ಮತ್ತು 60ರ ವ್ಯತ್ಯಾಸ ನಮಗೂ ಸಂಬಂಧಪಟ್ಟದ್ದು. ಭಾರತದ ಟೀವಿಗಳೂ ಪಾಲ್ ಪದ್ಧತಿಯವೇ. 90ರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ ‘ಟೀವಿ ಗೇಮ್’ ಎಂದು ಸಿಗುತ್ತಿದ್ದ ಪೆಟ್ಟಿಗೆಗಳು ಹೆಚ್ಚಾಗಿ ಫ್ಯಾಮಿಕಾಮ್‌ನ ಚಿಪ್‌ಗಳನ್ನೇ ನಕಲುಮಾಡಿ ತಯಾರಾದವು. ಹಳದಿ ಕ್ಯಾಸೆಟ್ಟು, ಊದಿ ಊದಿ ಸಿಕ್ಕಿಸಿದ್ದು, ಪಟ್ಟಿಯಲ್ಲಿ ಸಾವಿರಗಟ್ಟಲೆ ಆಟ ಎಂದು ಬರೆದು ಅವೇ ಹತ್ತಿಪ್ಪತ್ತು ಆಟ ತಿರುಗಿ ತಿರುಗಿ ಬರುತ್ತಿದ್ದದ್ದು ಯಾರಿಗೆ ಮರೆತೀತು? ಅಂಥ ಪೆಟ್ಟಿಗೆ 50ಕ್ಕೆ ಹೊಂದಿಸಿದ್ದಾದರೆ, 60ಕ್ಕೆಂದು ಬರೆದ ಹಾಡು ಅದರಲ್ಲಿ ಆರನೇ ಒಂದು ಭಾಗ ನಿಧಾನವಾಗಿ ನುಡಿಯುತ್ತದೆ. ಇಂದು ಸ್ವಿಚ್‌ನಲ್ಲೋ ಹಳೆಯ ಯಂತ್ರದ ಪುಟ್ಟ ಪ್ರತಿರೂಪವಾದ ಮಿನಿ ಕನ್ಸೋಲ್‌ನಲ್ಲೋ ಮಾರಿಯೋ ಹಾಡು ಕೇಳಿ ‘ಇದೇನು ಇಷ್ಟು ಅವಸರ’ ಅನ್ನಿಸಿದರೆ ಎಮ್ಯುಲೇಟರನ್ನು ದೂರಬೇಡಿ. ಮೂಲ ವೇಗ ಅದೇ. ನಾವು ಬೆಳೆದದ್ದು ವಿಳಂಬ ಕಾಲದಲ್ಲಿ.

ಚೆನ್ನಾಗಿ ಮಾಡಿದವರ ಮಾತಿಗೆ ಬರೋಣ. ನಿಂಟೆಂಡೋದ ಮಿನಿ ಕನ್ಸೋಲ್‌ಗಳಿಗೆ ಎಮ್ಯುಲೇಟರ್ ಬರೆದದ್ದು ಪ್ಯಾರಿಸ್‌ನಲ್ಲಿರುವ ಅದರ ಸಂಶೋಧನಾ ವಿಭಾಗ. 2016ರ ಎನ್‌ಇಎಸ್ ಕ್ಲಾಸಿಕ್‌ನಲ್ಲಿ 30 ಆಟ, 2017ರ ಎಸ್‌ಎನ್‌ಇಎಸ್ (ಸೂಪರ್ ಫ್ಯಾಮಿಕಾಮ್‌ನ ಹೊರದೇಶದ ಹೆಸರು) ಕ್ಲಾಸಿಕ್‌ನಲ್ಲಿ 21. ಎರಡರ ಒಳಗೂ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಇರುವಂಥ ಚಿಪ್, ಅದರ ಮೇಲೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ತಂತ್ರಾಂಶ. ಎರಡನೆಯದರಲ್ಲಿ ಸ್ಟಾರ್ ಫಾಕ್ಸ್ 2 ಕೂಡ ಇತ್ತು. 90ರ ದಶಕದಲ್ಲಿ ತಯಾರಾಗಿಯೂ ಬಿಡುಗಡೆಯಾಗದೆ ಕಪಾಟಿನಲ್ಲಿ ಉಳಿದಿದ್ದ ಆ ಆಟ ಇಪ್ಪತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಅಧಿಕೃತವಾಗಿ ಜನರ ಕೈಗೆ ಬಂತು. ಅದು ಹುಟ್ಟಿದ ಯಂತ್ರ ಅಷ್ಟು ಹೊತ್ತಿಗೆ ಅಂಗಡಿಗಳಲ್ಲಿ ಇರಲೇ ಇಲ್ಲ. ಎಮ್ಯುಲೇಟರ್ ಒಳಗೆ ಮಾತ್ರ ಅದು ಬಿಡುಗಡೆಯ ದಿನ ಕಂಡಿತು. ಸೆಗಾ ಕಂಪನಿಗೆ ಮೆಗಾ ಡ್ರೈವ್ ಮಿನಿ ಮಾಡಿಕೊಟ್ಟ ಜಪಾನಿನ ಎಂ2 ತಂಡವಂತೂ ಈ ಕಸುಬಿನಲ್ಲಿ ಹೆಸರಾದದ್ದು. 2019ರ ಆ ಪೆಟ್ಟಿಗೆಯ 42 ಆಟಗಳನ್ನು ಆಡಿದವರು ದೂರಿದ್ದು ಕಡಿಮೆ. ಡಿಜಿಟಲ್ ಎಕ್ಲಿಪ್ಸ್ 2022ರಲ್ಲಿ ತಂದ ಅಟಾರಿ 50ರಲ್ಲಿ ಆಟಗಳ ಜೊತೆಗೆ ಅವನ್ನು ಮಾಡಿದವರ ಸಂದರ್ಶನ, ಹಳೆಯ ಕಾಗದಪತ್ರ, ಕಾಲಾನುಕ್ರಮ ಎಲ್ಲವೂ ಇದ್ದು, ಒಂದು ಪ್ರದರ್ಶನಾಲಯದಲ್ಲಿ ಅಡ್ಡಾಡಿದಂತೆ ಆಡಬಹುದು.

ಪ್ರದರ್ಶನಾಲಯ ಎಂದಾಗ ನೆನಪಾಯಿತು. 2024ರ ಅಕ್ಟೋಬರಿನಲ್ಲಿ ಕ್ಯೋಟೋ ಬಳಿಯ ಉಜಿಯಲ್ಲಿ ನಿಂಟೆಂಡೋ ತನ್ನದೇ ಮ್ಯೂಸಿಯಂ ತೆರೆಯಿತು. ಅಲ್ಲಿ ಸಂದರ್ಶಕರೊಬ್ಬರು ಸೂಪರ್ ಫ್ಯಾಮಿಕಾಮ್ ಆಟದ ಕಂಟ್ರೋಲರ್‌ನ ತಂತಿ ಕಳಚಿದಾಗ ವಿಂಡೋಸ್ ಕಂಪ್ಯೂಟರಿನಲ್ಲಿ ಯುಎಸ್‌ಬಿ ತೆಗೆದರೆ ಬರುವ ಸದ್ದು ಕೇಳಿಸಿದ ವಿಡಿಯೋ ಸುದ್ದಿಯಾಯಿತು. ಹಲವರು ನಕ್ಕರು. ನನಗದು ನಗುವ ವಿಷಯ ಅನ್ನಿಸಲಿಲ್ಲ. ದಿನಕ್ಕೆ ನೂರಾರು ಕೈಗಳು ಮುಟ್ಟುವ ಕಡೆ ಮೂವತ್ತು ವರ್ಷ ಹಳೆಯ ಯಂತ್ರವನ್ನು ಸವೆಸದೆ ಉಳಿಸಿದರೆ ಅದು ಸರಿಯಾದ ಕೆಲಸ. ಎಮ್ಯುಲೇಟರ್‌ನಲ್ಲಿ ಆಡುತ್ತಿದ್ದೀರಿ ಎಂದು ಪಕ್ಕದಲ್ಲೊಂದು ಫಲಕ ಹಾಕಿದರೆ ಇನ್ನೂ ಸರಿ.

ತಂತ್ರಜ್ಞಾನದ ತೊಡಕು ಹೀಗೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದರೂ ಹಕ್ಕಿನ ತೊಡಕು ಹಾಗೇ ಉಳಿದಿದೆ. ಎಮ್ಯುಲೇಟರ್ ಎಷ್ಟು ನಿಖರವಾಗಿದ್ದರೂ ಒಪ್ಪಂದ ಮುಗಿದ ಹಾಡನ್ನು ನುಡಿಸುವಂತಿಲ್ಲ. ಸೆಗಾ ಕಂಪನಿಯ ಕ್ರೇಜಿ ಟ್ಯಾಕ್ಸಿ 2010ರಲ್ಲಿ ಮತ್ತೆ ಬಂದಾಗ ಮೂಲದ ಹಾಡುಗಳೂ ಇರಲಿಲ್ಲ, ಪ್ರಯಾಣಿಕರು ಹೋಗುತ್ತಿದ್ದ ಪಿಜ್ಜಾ ಹಟ್, ಕೆಎಫ್‌ಸಿ ಅಂಗಡಿಗಳೂ ಇರಲಿಲ್ಲ. ಮೈಕ್ರೋಸಾಫ್ಟ್ ತನ್ನ ಹಳೆಯ ಎಕ್ಸ್‌ಬಾಕ್ಸ್ ಆಟಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಯೋಜನೆಯನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ನಡೆಸಿ, 2021ರ ನವೆಂಬರಿನಲ್ಲಿ ಕೊನೆಯ ಕಂತು ಕೊಟ್ಟು, ಲೈಸೆನ್ಸ್, ಕಾನೂನು, ತಂತ್ರಜ್ಞಾನ ಈ ಮೂರರ ಮಿತಿಗೆ ಬಂದು ನಿಂತೆವೆಂದಿತು. ಅಂಗಡಿಗಳೂ ಶಾಶ್ವತವಲ್ಲ. ವೀ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು, ನಿಂಟೆಂಡೋದ ಆಮೇಲಿನ ಯಂತ್ರಗಳಾದ ವೀ ಯು ಮತ್ತು 3ಡಿಎಸ್‌ಗಳ ಅಂಗಡಿಗಳು 2023ರ ಮಾರ್ಚ್‌ನಲ್ಲಿ. ಅಲ್ಲಿ ಒಂದೊಂದಾಗಿ ಕೊಳ್ಳಲು ಸಿಗುತ್ತಿದ್ದ ಹಳೆಯ ಆಟಗಳಲ್ಲಿ ಕೆಲವು ಈಗ ಸ್ವಿಚ್‌ನ ಚಂದಾದಲ್ಲಿವೆ, ಎಷ್ಟೋ ಇಲ್ಲ.

ಸಿಫಾಲ್ಡಿ ಕಟ್ಟಿದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಈ ಕೊರತೆಯನ್ನು ಎಣಿಸಿತು. 2010ಕ್ಕೂ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ 87 ಶೇಕಡಾ ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂಬುದು ಆ ಅಧ್ಯಯನದ ಲೆಕ್ಕ. ಮಾರಾಟಕ್ಕಿಲ್ಲದ ಆಟಗಳನ್ನು ಗ್ರಂಥಾಲಯಗಳು ಎಮ್ಯುಲೇಟರ್ ಮೂಲಕ ದೂರದ ಸಂಶೋಧಕರಿಗೆ ತೋರಿಸಲು ಅವಕಾಶ ಕೊಡಿ ಎಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ಮುಂದೆ ಬೇಡಿಕೆ ಹೋಯಿತು. ಆಟ ತಯಾರಕರ ಸಂಘ ವಿರೋಧಿಸಿತು. 2024ರ ಅಕ್ಟೋಬರಿನಲ್ಲಿ ಕಚೇರಿ ಬೇಡಿಕೆಯನ್ನು ತಳ್ಳಿಹಾಕಿತು. ಈಗಿನ ನಿಯಮದಂತೆ ಅಂಥ ಆಟವನ್ನು ಆ ಗ್ರಂಥಾಲಯದ ಕಟ್ಟಡದೊಳಗೆ ಕೂತೇ ನೋಡಬೇಕು. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಗೇಮ್ ವಿನ್ಯಾಸ ಓದುವ ಹುಡುಗಿಗೆ ಅಲ್ಲಿ ಇರಿಸಿದ, 40 ಕಿಲೋಬೈಟಿನಷ್ಟು ಚಿಕ್ಕ ಆಟವೊಂದನ್ನು ಅಭ್ಯಾಸ ಮಾಡಬೇಕಿದ್ದರೆ, ಅದನ್ನು ಓಡಿಸಬಲ್ಲ ಎಮ್ಯುಲೇಟರ್ ಅವಳ ಲ್ಯಾಪ್‌ಟಾಪಿನಲ್ಲೇ ಇದ್ದರೂ ಅವಳು ವೀಸಾ ಮಾಡಿಸಿ ವಿಮಾನ ಹತ್ತಬೇಕು.